ಸಿಂಧುರಾಜನ ಅತ್ತೆಗೆ ಕಾಗೆ ಬಡಿದದ್ದು

ಪತ್ತೇದಾರಿ ಕಾದಂಬರಿಕಾರ ಸಿಂಧುರಾಜ್ ತನ್ನ ಬರವಣಿಗೆಯ ಬಾಳಿನಲ್ಲಿ ಎಷ್ಟು ಜನರನ್ನು ಕೊಂದಿದ್ದಾನೆಂಬುದು ಅವನಿಗೂ ಗೊತ್ತಿರಲಿಲ್ಲ, ಅವನ ಪ್ರಕಾಶಕರಿಗೂ ಗೊತ್ತಿರಲಿಲ್ಲ. ಗುಂಡು, ಚೂರಿ, ಸಯನೈಡು, ಬ್ರೇಕು ತಪ್ಪಿದ ಕಾರು, ದಾರಿ ತಪ್ಪಿದ ಮಡದಿ, ಯಾವುದನ್ನೂ ಬಿಟ್ಟವನಲ್ಲ. ಆದರೆ ಇಷ್ಟೊಂದು ಹೆಣಗಳಲ್ಲಿ ಒಂದರ ಮುಂದಾದರೂ ಕೂತು ಯಾರೂ ಅತ್ತಿರಲಿಲ್ಲ. ಅಳುವುದಕ್ಕೆ ಪುರುಸೊತ್ತು ಬೇಕಲ್ಲ? ಹೆಣ ಬಿದ್ದ ಮುಂದಿನ ಸಾಲಿಗೇ ಇನ್ಸ್‌ಪೆಕ್ಟರ್ ವಿಕ್ರಾಂತ್ ಬೂಟು ಟಕಟಕಿಸುತ್ತ ಒಳಗೆ ಬಂದುಬಿಡುತ್ತಿದ್ದ. ಅದರ ಮುಂದಿನ ಸಾಲಿಗೆ ಸತ್ತವನ ಸೆಕ್ರೆಟರಿ ಅವನ ಕಡೆಗೊಂದು ಓರೆನೋಟ ಬೀರುತ್ತಿದ್ದಳು. ಅಲ್ಲಿಂದಾಚೆಗೆ ಪ್ರೇಮ.

ಈ ಭಯಂಕರ ಹೆಸರಿನ ಹಿಂದೆ ಅಡಗಿದ್ದವನು ಸಿಂಧಘಟ್ಟದ ಹಾಲಿನ ಡೈರಿ ಸೆಕ್ರೆಟರಿ ನಿಂಗರಾಜು. ಮೈಸೂರಿನಲ್ಲಿ ಬಿ.ಎ. ಮಾಡಿದವನು, ಮನೆಯಲ್ಲಿ ಕೋಳಿ ಕೊಯ್ಯುವಾಗ ಹಿತ್ತಲಿಗೆ ಹೋಗಿ ಮುಖ ತಿರುಗಿಸಿಕೊಂಡು ನಿಲ್ಲುವವನು. ಬೆಳಿಗ್ಗೆ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು, ಮಧ್ಯಾಹ್ನ ಮನೆಯಲ್ಲಿ ಕೂತು ತಾನೇ ಕಥೆಗೆ ನೀರು ಬೆರೆಸುವುದು, ಸಂಜೆ ಮತ್ತೆ ಹಾಲು. ಹೀಗೆ ಕರೆದ ಹಾಲಿಗೂ ಬರೆದ ಹಾಳೆಗೂ ನಡುವೆ ಅವನ ಬದುಕು ಸುಖವಾಗಿ ಸಾಗುತ್ತಿತ್ತು. 'ಮುತ್ತಿಟ್ಟವಳೇ ಮುಗಿಸಿದಳು', 'ಬಿಳಿ ಕಾರಿನ ಕರಿ ನೆರಳು' ಮುಂತಾದ ಕೃತಿಗಳು ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗಿನ ಬಸ್‌ ನಿಲ್ದಾಣಗಳಲ್ಲಿ ಕಡಲೆಕಾಯಿಯ ಪಕ್ಕದಲ್ಲೇ ಬಿಕರಿಯಾಗುತ್ತಿದ್ದವು. ಮನೆಗಳಿಗೆ ಟೀವಿ ಬಂದು ಸಂಜೆಯ ಓದುಗರನ್ನು ಎಳೆದುಕೊಂಡು ಹೋಗುತ್ತಿದ್ದ ಆ ತೊಂಬತ್ತರ ದಶಕದಲ್ಲೂ ಬಸ್ಸಿನ ಓದುಗರು ಅವನ ಕೈ ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಟೀವಿ ಇರಲಿಲ್ಲ.

ಇಂಥ ನೆಮ್ಮದಿಗೆ ಒಂದು ಬೆಳಿಗ್ಗೆ ಕಾಗೆ ಬಡಿಯಿತು. ಬಡಿದದ್ದು ಅವನ ಅತ್ತೆ ಚಿಕ್ಕಬೋರಮ್ಮನ ತಲೆಗೆ.

ಚಿಕ್ಕಬೋರಮ್ಮ ನಿಂಗರಾಜುವಿಗೆ ಎರಡು ಕಡೆಯಿಂದ ಅತ್ತೆ. ತಂದೆಯ ಅಕ್ಕ ಎಂದು ಸೋದರತ್ತೆ, ಹೆಂಡತಿ ಪವಿತ್ರಳ ತಾಯಿ ಎಂದು ಹೆಣ್ಣು ಕೊಟ್ಟ ಅತ್ತೆ. ಹತ್ತು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವನನ್ನು ಸಾಕಿ, ಓದಿಸಿ, ಕೊನೆಗೆ ಬೇರೆ ಯಾರ ಮನೆಗೂ ಹೋಗದ ಹಾಗೆ ಮಗಳನ್ನೇ ಕೊಟ್ಟು ಕಟ್ಟಿಹಾಕಿದ್ದಳು. ಅಂದು ಅವಳು ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದಾಗ, ಕಾಗೆಯೊಂದು ಸಂಡಿಗೆಯನ್ನು ಬಿಟ್ಟು ಅವಳ ನೆತ್ತಿಗೆ ರಪ್ಪನೆ ಬಡಿದು ಹಾರಿಹೋಯಿತು.

ಆ ಸೀಮೆಯಲ್ಲಿ ಇದರ ಅರ್ಥ ಹಾಲು ಕುಡಿಯುವ ಮಗುವಿಗೂ ಗೊತ್ತು. ತಲೆಗೆ ಕಾಗೆ ಬಡಿದರೆ ಸಾವು ಬಾಗಿಲಿಗೆ ಬಂದಂತೆ. ಅದಕ್ಕೆ ಪರಿಹಾರವೂ ಅಷ್ಟೇ ಹಳೆಯದು: ಸತ್ತುಹೋದರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅತ್ತರೆ ಆ ಕಣ್ಣೀರಿನಲ್ಲಿ ದೋಷ ತೊಳೆದುಹೋಗುತ್ತದೆ. ಸಾವು ಆಗಿಹೋಯಿತೆಂದುಕೊಂಡು ಯಮನೂ ವಾಪಸು ಹೋಗುತ್ತಾನೆ.

ತೊಂದರೆಯೆಂದರೆ, ಚಿಕ್ಕಬೋರಮ್ಮನ ಈ ಪರಿಹಾರ ಆಗಲೇ ಒಮ್ಮೆ ಖರ್ಚಾಗಿಹೋಗಿತ್ತು. ಹಿಂದೊಂದು ಸಲ ಕಾಗೆ ಬಡಿದಾಗ ಎಸ್‌ಟಿಡಿ ಬೂತಿನಿಂದ ಪಾಂಡವಪುರಕ್ಕೆ ಫೋನು ಹೋಗಿ, ಅವಳ ತಂಗಿ ಪಾರ್ವತಮ್ಮ ಟ್ರಾಕ್ಟರಿನ ತುಂಬ ಜನ ಕಟ್ಟಿಕೊಂಡು, ಹೂವಿನ ಹಾರ, ಹೊದಿಸುವ ಸೀರೆ ಸಮೇತ ಊರ ಬಾಗಿಲಿನಿಂದಲೇ ಎದೆ ಬಡಿದುಕೊಂಡು ಬಂದಿದ್ದಳು. ಒಳಗೆ ಬಂದು ನೋಡಿದರೆ ಅಕ್ಕ ಉಪ್ಸಾರಿಗೆ ಮುದ್ದೆ ಅದ್ದುತ್ತಿದ್ದಳು.

"ಬಂದ್ಯವ್ವಾ? ಕೈ ತೊಳ್ಕೊ, ಬಿಸೀದೈತೆ," ಎಂದಿದ್ದಳು.

ಅದನ್ನಾದರೂ ಪಾರ್ವತಮ್ಮ ಸಹಿಸುತ್ತಿದ್ದಳೇನೋ. ಕೈ ತೊಳೆಯಲು ನೀರು ತುಂಬಿ ಕೊಟ್ಟ ಹಿತ್ತಾಳೆ ತಪ್ಪಲೆ ಮಾತ್ರ ಅವಳನ್ನು ಕೆರಳಿಸಿತು. ಅದು ಅವರಮ್ಮನ ತಪ್ಪಲೆ. ಚಿಕ್ಕವಳಾದ ತನಗೆ ಸೇರಬೇಕಾಗಿದ್ದ ತಪ್ಪಲೆ.

"ನನ್ ಕಣ್ಣೀರೇನು ಬಿಟ್ಟಿ ಬಂದದಾ? ಇನ್ಮ್ಯಾಕೆ ನೀನು ದಿಟವಾಗ್ಲೂ ಸತ್ರೂ ಬರಾಕಿಲ್ಲ! ಬಂದ್ರೂವೆ ಅಳಾಕಿಲ್ಲ!" ಎಂದು ಸೀರೆಯನ್ನೂ ಹಾರವನ್ನೂ ವಾಪಸು ಟ್ರಾಕ್ಟರಿಗೆ ಹಾಕಿಕೊಂಡು ಹೋಗಿದ್ದಳು. ಅಂದಿನಿಂದ ಮಾತಿಲ್ಲ.

ಆದ್ದರಿಂದ ಈ ಸಲ ಅಳಲು ನೆಂಟರೇ ಇರಲಿಲ್ಲ. ಚಿಕ್ಕಬೋರಮ್ಮ ಮಂಚ ಹಿಡಿದಳು. ಮುದ್ದೆ ಬೇಡ, ಗಂಜಿ ಬೇಡ, ಕಾಫಿಯೂ ಬೇಡ. ಕೆ.ಆರ್. ಪೇಟೆಯಿಂದ ಕರೆತಂದ ಡಾಕ್ಟರು ಕಾಯಿಲೆಯೇನೂ ಇಲ್ಲ, ಹೊಟ್ಟೆಗೆ ಹಾಕಿಕೊಳ್ಳದಿದ್ದರೆ ಮಾತ್ರ ಈ ವಯಸ್ಸಿಗೆ ಉಳಿಯುವುದಿಲ್ಲ ಎಂದು ಹೇಳಿ ಹೋದರು. ಮುಂದೆ ಅಮಾವಾಸ್ಯೆ ಬರುವುದಿತ್ತು. ಅಷ್ಟರೊಳಗೆ ಯಾರೂ ಅಳದಿದ್ದರೆ ತಾನು ಹೋದಂತೆಯೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ತೀರ್ಮಾನ ಮಾಡಿದರೆ ಮಾಡಿಯೇ ತೀರುವ ಹೆಂಗಸು.

"ಲೇ ನಿಂಗಾ," ಎಂದು ಒಂದು ಮಧ್ಯಾಹ್ನ ಕರೆದಳು. "ನೀನು ತಿಂಗ್ಳು ತಿಂಗ್ಳೂ ಯಾರ್ಯಾರನ್ನೋ ಸಾಯಿಸ್ತೀಯಲ್ಲ, ಈ ತಿಂಗ್ಳು ನನ್ನ ಸಾಯಿಸ್ಲಾ."

"ಅತ್ತೇ!"

"ಬಾಯಿ ಮುಚ್ಚು. ಕತೇಲಿ ಕಣ್ಲಾ. ಓದ್ದೋರು ಒಬ್ರು ಅತ್ಬುಟ್ರೆ ಸಾಕು, ದೋಸ ಕಳೀತದೆ. ಸಾಕಿದ್ದಕ್ಕೆ ಇಷ್ಟಾದ್ರೂ ಮಾಡು."

ಇಂಥ ಪರಿಹಾರ ನಡೆಯುತ್ತದೆಯೋ ಇಲ್ಲವೋ ಎಂದು ಕೇಳಲು ಪೂಜಾರಿ ಮರಿಸ್ವಾಮಿಯನ್ನು ಪವಿತ್ರ ಕರೆಸಿದಳು. ಮರಿಸ್ವಾಮಿ ಸಿಂಧುರಾಜನ ಖಾಯಂ ಓದುಗ. ಗರ್ಭಗುಡಿಯ ದೀಪದ ಎಣ್ಣೆ ಹೆಚ್ಚು ಖರ್ಚಾಗುವುದಕ್ಕೆ ಈ ಕಾದಂಬರಿಗಳೇ ಕಾರಣವೆಂದು ಊರಿನಲ್ಲಿ ಮಾತಿತ್ತು. ಆತ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ.

"ಶಾಸ್ತ್ರದಲ್ಲಿ ಕಾದಂಬರಿ ವಿಚಾರ ಏನೂ ಯೋಳಿಲ್ಲ. ಮಾಡು ಅಂತ ಯೋಳಿಲ್ಲ ಅಂದ್ಮೇಲೆ ಬ್ಯಾಡ ಅಂತಾನೂ ಯೋಳಿಲ್ಲ. ಆದ್ರೆ ಒಂದು. ಈರುಳ್ಳಿ ಗೀರುಳ್ಳಿ ನಡೆಯಾಕಿಲ್ಲ. ದಿಟವಾದ ನೀರೇ ಬರ್ಬೇಕು ಕಣ್ಣಲ್ಲಿ."

ನಿಂಗರಾಜು ಪೆನ್ನಿಗೆ ಇಂಕು ತುಂಬಿದ.

ಮೊದಲ ಪ್ರಯತ್ನವನ್ನು ಅವನು ಸಂಜೆ ಡೈರಿಯ ಮುಂದೆ, ಹಾಲಿನ ಕ್ಯಾನು ಹಿಡಿದು ಸಾಲು ನಿಂತವರಿಗೆ ಓದಿ ಹೇಳಿದ. ಡೈರಿಗೂ ಮನೆಗೂ ಒಂದೇ ಗೋಡೆ. ಒಳಗೆ ಮಂಚದ ಮೇಲೆ ಚಿಕ್ಕಬೋರಮ್ಮ ಕಿವಿ ನಿಮಿರಿಸಿಕೊಂಡಿದ್ದಳು.

"'ಬೆಳ್ಳೂರು ಕ್ರಾಸಿನ ಲಾಡ್ಜಿನ ಹದಿಮೂರನೇ ಕೊಠಡಿ. ನೀಲಿ ಶಿಫಾನ್ ಸೀರೆಯ ಮಾದಕ ಚೆಲುವೆ ಚಿಕ್ಕಿ ಕನ್ನಡಿಯ ಮುಂದೆ ಮುಂಗುರುಳು ತೀಡುತ್ತಿದ್ದಳು. ಪರದೆಯ ಹಿಂದಿನಿಂದ ಕೈಗವಸು ತೊಟ್ಟ ಕೈಯೊಂದು... ಢಮಾರ್! ಚಿಕ್ಕಿ ಗುಲಾಬಿಯಂತೆ ಉದುರಿದಳು. ಬಾಗಿಲು ಧಡ್ಡನೆ ತೆರೆಯಿತು. ಇನ್ಸ್‌ಪೆಕ್ಟರ್ ವಿಕ್ರಾಂತ್!'"

ಸಾಲಿನಲ್ಲಿ ಚಪ್ಪಾಳೆ ಬಿತ್ತು.

"ಮ್ಯಾನೇಜ್ರೇಯಾ ಕೊಂದಿರೋದು!" ಎಂದು ಎರಡು ಎಮ್ಮೆಯ ಶಿವಣ್ಣ ಕ್ಯಾನು ಕೆಳಗಿಟ್ಟ. "ನನ್ ಎಮ್ಮೆ ಬೇಕಾದ್ರೆ ಬಾಜಿ ಕಟ್ತೀನಿ."

"ಮ್ಯಾನೇಜ್ರಲ್ಲ ಬುಡೋ, ರೂಮ್ ಬಾಯ್ಯಿ!"

"ಶಿವಣ್ಣ," ಎಂದ ನಿಂಗರಾಜು ಆಸೆಯಿಂದ, "ನಿಂಗೆ ಒಂಚೂರೂ ಅಳು ಬರ್ಲಿಲ್ವಾ?"

"ಯಾಕಳ್ಬೇಕು ಸಾರ್? ಇನ್ಸ್‌ಪೆಕ್ಟ್ರು ಬಂದವ್ರಲ್ಲ!"

ಗೋಡೆಯ ಆ ಕಡೆಯಿಂದ ಕ್ಷೀಣವಾದರೂ ಸ್ಪಷ್ಟವಾದ ದನಿ ಬಂತು. "ಅಲ್ಲಾ ಕಣ್ಲಾ ನಿಂಗಾ, ಲಾಡ್ಜ್‌ನಾಗೆ ನಂಗೇನ್ಲಾ ಕೆಲ್ಸ? ನಿಮ್ಮಾವ ಇದ್ದಾಗ್ಲೂ ಬಸ್ಟ್ಯಾಂಡು ಓಟ್ಲು ಮೆಟ್ಲು ಅತ್ದೋಳಲ್ಲ ನಾನು. ಸಾಯಿಸು ಅಂದ್ರೆ ಮಾನ ಕಳೀತಾವ್ನೆ!"

ಎರಡನೆಯ ಪ್ರಯತ್ನದಲ್ಲಿ ಅವಳಿಗೆ ಮಾನದ ಹತ್ತಿ ಸೀರೆ ಉಡಿಸಿ, ಅವಳದೇ ವಯಸ್ಸು ಕೊಟ್ಟು, ಬಾವಿಗೆ ತಳ್ಳಿಸಿದ. ಸಾಲಿನವರು ಬಾವಿಯ ಆಳದ ಬಗ್ಗೆ ಜಗಳವಾಡಿಕೊಂಡು ಹೋದರು. ಮೂರನೆಯದರಲ್ಲಿ ಹಾವು ಕಚ್ಚಿಸಿದ. ಅಂದು ಊರಿನವರೆಲ್ಲ ತಮ್ಮ ತಮ್ಮ ಹಾವಿನ ಕಥೆ ಹೇಳಲು ಶುರುಮಾಡಿ ಹಾಲು ಒಡೆದುಹೋಯಿತು. ಅಳು ಬರಲಿಲ್ಲ. ಎಲ್ಲಿ ಅಳು ಇನ್ನೇನು ಬರಬೇಕೋ ಅಲ್ಲಿಗೆ ಸರಿಯಾಗಿ ವಿಕ್ರಾಂತ್ ಬಂದು ನಿಲ್ಲುತ್ತಿದ್ದ. ಅವನನ್ನು ತಡೆಯುವುದು ಅವನನ್ನು ಸೃಷ್ಟಿಸಿದವನ ಕೈಯಲ್ಲೂ ಇರಲಿಲ್ಲ.

ಕೊನೆಗೆ ಪ್ರಕಾಶಕರನ್ನೇ ಕೇಳೋಣವೆಂದು ನಿಂಗರಾಜು ಕೆ.ಆರ್. ಪೇಟೆಗೆ ಬಂದು, ಪಾಂಡವಪುರದ ಮೇಲೆ ಹೋಗುವ ಶ್ರೀರಂಗಪಟ್ಟಣದ ಬಸ್ಸು ಹತ್ತಿದ. ಕಂಡಕ್ಟರು ಅವನ ಹಳೆಯ ಅಭಿಮಾನಿ.

"ಈ ತಿಂಗ್ಳು ಯಾರ್ಗೆ ಕಾದದೆ ಸಾರ್?"

"ನಮ್ಮತ್ತೆಗೆ," ಎಂದ ನಿಂಗರಾಜು, ನಿಟ್ಟುಸಿರು ಬಿಟ್ಟು.

"ಅಯ್ಯಯ್ಯೋ! ಎಂಗೆ?"

"ಅದೇ ತಿಳೀತಿಲ್ಲ. ಪಿಸ್ತೂಲು ನೋಡ್ದೆ, ಊರೋರು ಒಪ್ಲಿಲ್ಲ. ಬಾವಿಗೆ ತಳ್ಳಿಸ್ದೆ, ಸರಿಹೋಗ್ಲಿಲ್ಲ. ಹಾವೂ ಬಿಟ್ಟಿದ್ದಾಯ್ತು."

"ವಿಸ?"

"ಬಾಯಿಗೇನೂ ಹಾಕ್ಕೊಳ್ತಿಲ್ಲಪ್ಪ, ವಿಷ ಎಲ್ಲಿಂದ ಕುಡಿಸ್ಲಿ?"

"ವಯಸ್ಸಾದ ಜೀವ ಸಾರ್. ಮೆತ್ಗೆ ಮುಗಿಸ್ಬುಡಿ."

"ಮೆತ್ಗೆ ಮುಗಿಸೋದು ನಂಗೆ ಬರಲ್ವಲ್ಲ! ಅಮಾಸೆ ಒಳ್ಗೇ ಆಗ್ಬೇಕು. ಮನೇಲಿ ಎಲ್ರಿಗೂ ಒಪ್ಗೆ. ಪೂಜಾರೀನೂ ಒಪ್ಪವ್ನೆ."

ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ಪಾಂಡವಪುರ ಬರುವವರೆಗೂ ಕತ್ತು ತಿರುಗಿಸಲಿಲ್ಲ. ಬಂದ ಕೂಡಲೇ ತರಕಾರಿ ಚೀಲವನ್ನು ಸೀಟಿನಲ್ಲೇ ಬಿಟ್ಟು ಇಳಿದು ಓಡಿದಳು. ಅವಳು ಯಶೋದಮ್ಮ. ಪಾರ್ವತಮ್ಮನ ಎದುರು ಮನೆಯವಳು. ನಿಂಗರಾಜು ಚೀಲವನ್ನು ಕಿಟಕಿಯಿಂದ ತೋರಿಸುತ್ತ "ಅಮ್ಮಾ, ಅಮ್ಮಾ!" ಎಂದು ಕೂಗಿದಷ್ಟೂ ಅವಳು ವೇಗವಾಗಿ ಓಡಿದಳು.

ಶ್ರೀರಂಗಪಟ್ಟಣದಲ್ಲಿ ಪ್ರಕಾಶಕ ರಘುನಂದನ್ ಮುದ್ರಣಯಂತ್ರದ ಗಲಾಟೆಯ ನಡುವೆ ಹಸ್ತಪ್ರತಿ ತಿರುವಿ ಹಾಕಿದರು.

"ಅಳು ಯಾಕೆ ಬೇಕು ನಿಮಗೆ? ಅಳೋದಕ್ಕೆ ಜನರಿಗೆ ಟೀವಿ ಇದೆ. ನಿಮ್ಮ ಹೆಣಗಳಿಗೆ ನೆಂಟರೇ ಇರೋದಿಲ್ಲ ಸಿಂಧುರಾಜ್, ಅದೇ ನಿಮ್ಮ ಶಕ್ತಿ. ನೆಂಟರು ಬಂದರೆ ಪುಟ ಜಾಸ್ತಿ. ಪುಟ ಜಾಸ್ತಿಯಾದರೆ ಬೆಲೆ ಜಾಸ್ತಿ. ಕಡಲೆಕಾಯಿಯ ಪಕ್ಕ ಇಟ್ಟು ಮಾರೋ ಪುಸ್ತಕ ಕಡಲೆಕಾಯಿಯಷ್ಟೇ ಹಗುರ ಇರಬೇಕು."

ನಿಂಗರಾಜು ಹಸ್ತಪ್ರತಿಯನ್ನೂ ಯಶೋದಮ್ಮನ ಬದನೆಕಾಯಿಯನ್ನೂ ಹೊತ್ತು ಹಿಂದಿರುಗಿದ.

ಮಾರನೆಯ ಮಧ್ಯಾಹ್ನ ಮಂಚದ ಪಕ್ಕದಲ್ಲಿ ಬರಿಯ ಹಾಳೆ ಹಿಡಿದು ಕುಳಿತಿದ್ದ. ಚಿಕ್ಕಬೋರಮ್ಮ ಮಂಚಕ್ಕೆ ಅಂಟಿಕೊಂಡಂತೆ ಇದ್ದಳು. ಕೆನ್ನೆ ಗುಳಿಬಿದ್ದಿತ್ತು. ಪವಿತ್ರ ಗಂಜಿಯ ಲೋಟ ಹಿಡಿದು ಬಂದವಳು, ಅದನ್ನು ಹಾಗೇ ಒಳಗೆ ಒಯ್ದಳು.

"ಬುಡು ಮಗಾ," ಎಂದಳು ಚಿಕ್ಕಬೋರಮ್ಮ. "ನಿನ್ ಕೈಲಿ ಆಗಾಕಿಲ್ಲ."

"ನೀನೇ ಹೇಳತ್ತೆ. ಹೆಂಗೆ ಬರೀಲಿ?"

"ನಾನು ಸಾಯೋದ್ನೇನು ಬರೀತೀಯೆ? ಎಲ್ರೂ ಸಾಯ್ತಾರೆ. ಅಳೋರ್‌ನ ಬರಿಯೋ ಪೆದ್ದೇ." ಅವಳು ಕಣ್ಣರಳಿಸಿದಳು. ಊರಿನಲ್ಲಿ ಯಾರು ಹೇಗೆ ಮಾತಾಡುತ್ತಾರೆಂದು ಅಣಕಿಸಿ ತೋರಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಆ ಸುಸ್ತಿನಲ್ಲೂ ಚಪಲ ಬಿಡಲಿಲ್ಲ. "ಮರಿಸ್ವಾಮಿ ಇಂಗೆ ಬತ್ತಾನೆ, ನೋಡು." ಗಂಟಲನ್ನು ಗಡುಸು ಮಾಡಿದಳು. "'ಒಳ್ಳೆ ಗಳಿಗೇಲೇ ಓಗವ್ಳೆ ಕಣವ್ವಾ... ಎಡೆಗೆ ವಡೆ ಮಾಡ್ತೀರಾ?'"

ಒಳಗಿನಿಂದ ಪವಿತ್ರ ಕಿಸಕ್ಕೆಂದಳು.

"ಶಿವಣ್ಣ. 'ಅಮ್ಮೋ, ನನ್ ಎಮ್ಮೆ ಈದಾಗ ರಾತ್ರಿಯೆಲ್ಲಾ ನೀನೇ ಕುಂತಿದ್ಯಲ್ಲಾ... ಲೇ, ಡೈರಿ ಇವತ್ತು ತೆಗೀತಾರೇನ್ಲಾ?'" ನಿಂಗರಾಜುವಿಗೂ ನಗು ತಡೆಯಲಾಗಲಿಲ್ಲ. "ಇನ್ನು ನಮ್ ಪಾರೋತಿ. ಅವ್ಳು ಬರಾಕಿಲ್ಲ. ಬಂದ್ರೆ ಇಂಗೆ." ಎರಡು ಕೈಯನ್ನೂ ಮೇಲೆತ್ತಿ ರಾಗ ತೆಗೆದಳು. "'ಅಕ್ಕಯ್ಯೋ! ನನ್ ಬುಟ್ಟು ಓದ್ಯಲ್ಲೇ ಅಕ್ಕಯ್ಯೋ! ಅವ್ವನ್ ತಪ್ಲೇ ಕೊಡ್ದೇ ಓದ್ಯಲ್ಲೇ ಅಕ್ಕಯ್ಯೋ!'"

ರಾಗ ಮುಗಿದು ಏದುಸಿರು ಬಂತು. ಅವಳು ನಿಂಗರಾಜುವಿನ ಮುಖವನ್ನೇ ನೋಡಿದಳು.

"ನಿಂದೊಂದು ಬರಾಕಿಲ್ಲ ನಂಗೆ."

"ಏನು?"

"ನೀ ಎಂಗಳ್ತೀಯ ಅಂತ. ಕಂಡಿದ್ರೆ ತಾನೆ ಮಾಡಾದು? ನಿಮ್ಮವ್ವ ಓದಾಗ ಊರೆಲ್ಲಾ ಅಳ್ತಿತ್ತು. ನಿನ್ನ ಉಡುಕ್ದೆ. ರಾಗಿ ತುಂಬೋ ವಾಡೆ ಇಂದೆ ಯಾವ್ದೋ ಪತ್ತೇದಾರಿ ಪುಸ್ತ್ಕ ಇಡ್ಕಂಡು ಕುಂತಿದ್ದೆ. ಬಾರ್ಲಾ, ಅವ್ವನ್ ಮಕ ನೋಡು ಅಂದ್ರೆ, 'ಇರತ್ತೆ, ಕೊಲೆಗಾರ ಯಾರು ಅಂತ ನೋಡ್ಬುಟ್ಟು ಬತ್ತೀನಿ' ಅಂದೆ. ಆಮ್ಯಾಕೆ ನೀ ಬರ್ನೇ ಇಲ್ಲ. ನಾನೂ ಬಲವಂತ ಮಾಡ್ನಿಲ್ಲ. ಮಡ್ಲಲ್ಲಿ ಒಂದ್ ಮುದ್ದೆ ಇಟ್ಕಂಡು ಬಂದು ಪಕ್ದಲ್ಲಿ ಕುಂತೆ, ಅಷ್ಟೇಯ."

ನಿಂಗರಾಜು ಹಾಳೆಯ ಕಡೆ ನೋಡಿದ. ಅದರಲ್ಲಿ ಏನೂ ಬರೆದಿರಲಿಲ್ಲ. ಇನ್ಸ್‌ಪೆಕ್ಟರ್ ವಿಕ್ರಾಂತ್ ಎಲ್ಲಿ ಹಾಳಾಗಿಹೋಗಿದ್ದನೋ, ಅಂದು ಬರಲೇ ಇಲ್ಲ.

ಆಮೇಲೆ ಆ ಮನೆಯಿಂದ ಹೊರಟ ಸದ್ದನ್ನು ಡೈರಿಯ ಮುಂದೆ ಮಲಗಿದ್ದ ನಾಯಿ ಮೊದಲು ಕೇಳಿ ಎದ್ದು ದೂರ ಹೋಯಿತು. ಮೀಸೆ ಬಂದ ಗಂಡಸು ಹತ್ತು ವರ್ಷದ ಹುಡುಗನ ಹಾಗೆ ಅಳುವುದನ್ನು ಅದು ಕೇಳಿರಲಿಲ್ಲ. ಪವಿತ್ರ ಸೌಟು ಹಿಡಿದು ಓಡಿಬಂದು ಬಾಗಿಲಲ್ಲೇ ನಿಂತಳು. ಚಿಕ್ಕಬೋರಮ್ಮ ಕೈ ಚಾಚಿ ಅವನ ತಲೆ ಹಿಡಿದುಕೊಂಡು ಕಣ್ಣು ಮುಚ್ಚಿದಳು.

ಪಾಂಡವಪುರದಿಂದ ಹೊರಟ ಜೀಪೊಂದು ಅಂಗಳಕ್ಕೆ ಬಂದು ನಿಂತದ್ದು ಆಗಲೇ.

ಜೀಪಿನಿಂದ ಇಳಿದವರು ಇಬ್ಬರು. ಒಬ್ಬಳು, ಅಕ್ಕ ನಿಜವಾಗಿ ಸತ್ತರೂ ಬರುವುದಿಲ್ಲ ಎಂದು ಆಣೆ ಹಾಕಿದ್ದ ಪಾರ್ವತಮ್ಮ. ಇನ್ನೊಬ್ಬ ಅವಳ ಬೀಗರ ಪೈಕಿಯ ಹೆಡ್‌ ಕಾನ್ಸ್‌ಟೇಬಲ್ ಹೊನ್ನಪ್ಪ. ಅಂದು ಆತನಿಗೆ ರಜೆ. ಯಶೋದಮ್ಮನ ಮಾತು ನಂಬಿ, ಅಕ್ಕನನ್ನು ಅಳಿಯನೇ ಮುಗಿಸುತ್ತಿದ್ದಾನೆ, ಊರೆಲ್ಲ ಶಾಮೀಲು ಎಂದು ಪಾರ್ವತಮ್ಮ ಬಲವಂತದಿಂದ ಯೂನಿಫಾರಂ ಹಾಕಿಸಿ ಎಳೆದು ತಂದಿದ್ದಳು. ಜೀಪಿನಿಂದ ಕಾಲು ಕೆಳಗಿಡುವ ಹೊತ್ತಿಗೆ ಒಳಗಿನ ಅಳು ಅವಳ ಕಿವಿಗೆ ಬಿತ್ತು. ಆಣೆ, ತಪ್ಪಲೆ, ಕೇಸು ಯಾವುದೂ ನೆನಪಾಗಲಿಲ್ಲ.

"ಅಕ್ಕಯ್ಯೋ!" ಎಂದು, ಪವಿತ್ರ ಅಂದು ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಗಳ ಮೇಲೆಯೇ ಹಾದು ಓಡಿದಳು. "ನನ್ ಬುಟ್ಟು ಓದ್ಯಲ್ಲೇ ಅಕ್ಕಯ್ಯೋ!"

ಪವಿತ್ರಳ ಕೈಯಿಂದ ಸೌಟು ಬಿತ್ತು. ರಾಗವೂ ಅದೇ, ಎತ್ತಿದ ಕೈಗಳೂ ಅವೇ. ಪಾರ್ವತಮ್ಮ ಮಂಚದ ಕಾಲಿಗೆ ಬಿದ್ದು ಹೊರಳಿದಳು.

"ಎದ್ದೇಳೇ ಅಕ್ಕಯ್ಯೋ! ಅವ್ವನ್ ತಪ್ಲೇ ನೀನೇ ಇಟ್ಕೊಳ್ಳೇ ಅಕ್ಕಯ್ಯೋ! ನಂಗ್ಯಾಕೇ ತಪ್ಲೇ, ಒಂದ್ಸಲ ಎದ್ದೇಳೇ!"

ಚಿಕ್ಕಬೋರಮ್ಮ ಮೆಲ್ಲಗೆ ಒಂದು ಕಣ್ಣು ತೆರೆದಳು. ತಂಗಿಯ ಕೆನ್ನೆಯ ಮೇಲೆ ನೀರು ಧಾರಾಕಾರವಾಗಿ ಇಳಿಯುತ್ತಿದ್ದುದನ್ನು ತೃಪ್ತಿಯಾಗುವವರೆಗೂ ನೋಡಿದಳು. ಆಮೇಲೆ ಮೊಣಕೈ ಊರಿ ಎದ್ದು ಕುಳಿತಳು.

"ಅಂದ್ ಮಾತು ಇಂದಕ್ಕೆ ತಕ್ಕೊಬ್ಯಾಡ ಪಾರೋತಿ. ತಪ್ಲೆ ನಂಗೇ ಅಂತ ಪೊಲೀಸ್ನೋರ ಮುಂದೆ ಯೋಳಿದ್ದೀಯೆ."

ಪಾರ್ವತಮ್ಮ ಅಕ್ಕನ ಭುಜಕ್ಕೆ ಎರಡು ಬಿಗಿದು, ಅದೇ ಭುಜಕ್ಕೆ ಮುಖ ಒತ್ತಿ ಇನ್ನಷ್ಟು ಅತ್ತಳು. "ನಿನ್ ಮನೆ ಕಾಯ್ವಾಗಾ! ಎಲ್ಡ್ನೇ ಸಲ ಸಾಯ್ತೀಯಲ್ಲೇ, ನಾಚ್ಕೆ ಆಗಾಕಿಲ್ವಾ?"

"ಈ ಸಲ ಎಲ್ಡು ಕಡಿಂದ ಅಳು ಬಂತು," ಎಂದು ಚಿಕ್ಕಬೋರಮ್ಮ ಹೆಮ್ಮೆಯಿಂದ ಅಳಿಯನ ಕಡೆ ತಿರುಗಿದಳು. "ಸಾಕು ಬುಡ್ಲಾ ಮಗಾ, ಎಚ್ಚಾಯ್ತು. ಪವೀ, ಮುದ್ದೆಗೆ ಎಸರಿಡು. ನಿಮ್ಮ ಚಿಕ್ಕವ್ವಂಗೂ ಸೇರ್ಸಿ."

ಈ ಎಲ್ಲದರ ನಡುವೆ ಹೆಡ್‌ ಕಾನ್ಸ್‌ಟೇಬಲ್ ಹೊನ್ನಪ್ಪನನ್ನು ಎಲ್ಲರೂ ಮರೆತಿದ್ದರು. ಆತ ಒಳಗೆ ಬಂದಿರಲೇ ಇಲ್ಲ. ಅಳು ಕೇಳಿದ ಕೂಡಲೇ ಹೊಸ್ತಿಲಾಚೆ ಬೂಟು ಬಿಚ್ಚಿಟ್ಟು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಚೂರಾದ ಸಂಡಿಗೆಗಳ ನಡುವೆ ಬಿಸಿಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಪವಿತ್ರ ಮಜ್ಜಿಗೆ ಕೊಟ್ಟಾಗ ಬಹಳ ತಗ್ಗಿದ ದನಿಯಲ್ಲಿ ಕೇಳಿದ.

"ತಾಯಿ, ಕೊಲೆ ಆಗೈತೋ, ಇಲ್ವೋ?"

"ಇಲ್ಲ ಸಾರ್, ತಪ್ಪೋಯ್ತು."

"ಒಳ್ಳೇದಾಯ್ತು," ಎಂದು ಮಜ್ಜಿಗೆ ಕುಡಿದ.

ಆ ತಿಂಗಳು ಸಿಂಧುರಾಜನ ಕಾದಂಬರಿ ಬರಲಿಲ್ಲ. ಮುಂದಿನ ತಿಂಗಳು ಬಂದದ್ದಕ್ಕೆ ರಘುನಂದನ್ ಪುಟ ಹೆಚ್ಚಾಗಿದೆಯೆಂದು ಗೊಣಗಿದರು. ಅಚ್ಚಿಗೆ ಹೋಗುವ ಮುಂಚೆ ನಿಂಗರಾಜು ಅದನ್ನು ಸಂಜೆ ಡೈರಿಯ ಮುಂದೆ ಓದಿದ. ಚಿಕ್ಕಬೋರಮ್ಮ ಗೋಡೆಯ ಈಚೆಗೇ ಬಂದು, ತಲೆಗೆ ಸೆರಗನ್ನು ಎರಡು ಸುತ್ತು ಸುತ್ತಿಕೊಂಡು, ಕಾಗೆಗಳ ಮೇಲೆ ಒಂದು ಕಣ್ಣಿಟ್ಟು ಕುಳಿತಿದ್ದಳು.

ಎಂದಿನಂತೆ ಲಾಡ್ಜಿನ ಮಾಲೀಕ ಗುಂಡೇಟಿಗೆ ಸತ್ತ. ಎಂದಿನಂತೆ ವಿಕ್ರಾಂತನ ಜೀಪು ಬಂದು ನಿಂತಿತು. ಆದರೆ ಬಾಗಿಲು ಧಡ್ಡನೆ ತೆರೆಯಲಿಲ್ಲ. ಒಳಗೆ ಸತ್ತವನ ತಂಗಿ ಅಳುತ್ತಿದ್ದಳು. ವಿಕ್ರಾಂತ್ ಬೂಟು ಬಿಚ್ಚಿದ. ಟೋಪಿ ತೆಗೆದ. ಹೊಸ್ತಿಲಾಚೆ ನಿಂತ. ಒಂದು ಪುಟ ಕಳೆಯಿತು, ಎರಡು ಪುಟ ಕಳೆಯಿತು, ಅವನು ಒಳಗೆ ಹೋಗಲಿಲ್ಲ.

ಸಾಲಿನಲ್ಲಿ ಯಾರೂ ಕೊಲೆಗಾರ ಯಾರೆಂದು ಕೇಳಲಿಲ್ಲ. ಶಿವಣ್ಣ ಹೆಗಲ ಮೇಲಿನ ಟವಲಿನಿಂದ ಮೂಗು ಒರೆಸಿಕೊಂಡು, ನೆಗಡಿ ಎಂದ.

"ಲೇ ನಿಂಗಾ," ಎಂದಳು ಚಿಕ್ಕಬೋರಮ್ಮ. "ಅವುನ್ನ ಎಷ್ಟೊತ್ಲಾ ಬಿಸ್ಲಲ್ಲಿ ನಿಲ್ಸಿದ್ದೀಯೆ? ಪಾಪ. ಯಾರ್ ಕೈಲಾದ್ರೂ ಒಂದ್ ಲೋಟ ಮಜ್ಗೆ ಕೊಡ್ಸು."

ನಿಂಗರಾಜು ಜೇಬಿನಿಂದ ಪೆನ್ನು ತೆಗೆದು, ಅಂಚಿನಲ್ಲಿ ಜಾಗ ಮಾಡಿಕೊಂಡು, ಮಜ್ಜಿಗೆ ಕೊಡಿಸಿದ.